ಬಟ್ಟ್ ನಂಬರ ನಲವತ್ತೊಂದು

ಹದಿನೇಳು ವರ್ಷ, ದಿನಾ ಮುಂಜಾನೆ
ಶಸ್ತ್ರದ ಕೋಣಿ ಕಿಡಕಿಗೆ ನಿಂತು ಸಹಿ ಹಾಕಿ ತಗೊಂಡೆ,
ಸಂಜೀಕ ಎಣ್ಣಿ ಒರಸಿ, ಸಹಿ ಹಾಕಿ ತಿರುಗಿ ಕೊಟ್ಟೆ.
ಬಟ್ಟ್ ನಂಬರ ನಲವತ್ತೊಂದು.
ಮಗಳು ಹುಟ್ಟಿದ ತಾರೀಖ ಕೇಳಿದ್ರ ತಡವರಸ್ತೀನಿ,
ಇದನ್ನ ನಿದ್ದಿಗಣ್ಣಾಗ ಹೇಳ್ತೀನಿ.

ಇನ್ನ ನಾಕು ತಿಂಗಳಿಗೆ ಪೆನ್ಶನ್.
ಸೊಲ್ಲಾಪುರದಾಗ ಬಂಗಾರ ಅಡವಿಟ್ಟುಕೊಳ್ಳೂ ಆಫೀಸು,
ಬಾಗಲಾಗ ಸ್ಟೂಲು, ಸ್ಟೂಲಿನ ಮ್ಯಾಲ ನಾನು.
ಬರಿಗೈಲೆ ಕುಂತ್ರ ಹದಿನಾಕು ಸಾವಿರ,
ಸ್ವಂತ ರಾಯಫಲ್ ಇದ್ರ ಇಪ್ಪತ್ನಾಕು.
ಮ್ಯಾನೇಜರ ಫೋನಿನ್ಯಾಗೇ ಹೇಳಿ ಮುಗಿಸಿದ.

ಅದಕ್ಕ ಈ ಸಲ ರಜಾಕ್ಕ ಬಂದಾಂವ
ಸಂಖದ ಮನಿ ಪಡಸಾಲ್ಯಾಗ ಎಲ್ಲಾರನ್ನೂ ಕುಂಡ್ರಿಸಿ ಕೇಳಿದೆ:
ತಗೊಳ್ಳೇನು?

ಅರ್ಜಿ ಮರಾಠ್ಯಾಗಿತ್ತು.
ಪ್ರಾಜಕ್ತಾ ಒಂದೊಂದ ಸಾಲು ಓದಿ, ನಿಂತು,
ಆಯಿಗೆ ಕನ್ನಡ ಮಾಡಿ ಹೇಳಿದಳು.
ಶಸ್ತ್ರ ಯಾತಕ್ಕ ಬೇಕು ಅನ್ನೂ ಕಡೆ
ಎರಡು ಬೆರಳಷ್ಟ ಜಾಗ ಖಾಲಿ.
'ಏನ ಬರೀಲಿ, ಬಾಬಾ?'

ಧೂಳಪ್ಪ ಮಾವ ಎಲಿಗೆ ಸುಣ್ಣ ಹಚ್ಚಕೋತ ಅಂದ:
'ಲಾಖ ರೂಪಾಯಿಗೆ ಕರಾವಿನ ಎಮ್ಮಿ ಬರ್ತದೋ.
ಎಮ್ಮಿಗೆ ಲೈಸನ್ಸ್ ಬ್ಯಾಡ.
ಇಲೆಕ್ಷನ್ ಬಂತಂದ್ರ
ಎಮ್ಮಿನ್ನ ಠಾಣೆದಾಗ ಜಮಾ ಮಾಡೂದ ಬ್ಯಾಡ.'
ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಅವ್ವ ಜ್ವಾಳ ಹಸನ ಮಾಡೂದ ಬಿಡಲಿಲ್ಲ.
'ಎಲ್ಲಿಡತಿ?' ಅಂದ್ಲು.
ದೇವರ ಜಗಲಿ ಮ್ಯಾಲ ಬ್ಯಾಡ, ಬೀರಪ್ಪ ಮೊದಲ ಸಿಟ್ಟಿನಾಂವ.
ಟ್ರಂಕಿನ್ಯಾಗ ನನ್ನ ಸಾಯೂ ದಿನದ ಸೀರಿ ಅದ.
ಅಟ್ಟದ ಮ್ಯಾಲ ಹುಡುಗರು ಬೆಲ್ಲ ಹುಡುಕ್ತಾವ.
ಒಂದೊಂದ ಮೂಲಿ ಹೆಸರ ಹಿಡಿದು ತಗದು ಹಾಕಿದ್ಲು,
ಹಳ್ಳ ಆರಿಸಿದಂಗ.

ಮಾಳಪ್ಪ ಕಡೀಕ ಬಾಯಿ ಬಿಟ್ಟ.
'ತಗೋ ಅಣ್ಣಾ. ನೌಕರಿ ಹಾಳಾಗಿ ಹೋಗಲಿ.
ಈ ಮನ್ಯಾಗ ಅದ ಅಂತ ಊರಿಗೆ ತಿಳದ್ರ ಸಾಕು,
ಕರೆಪ್ಪ ಬದುವಿನ ಕಲ್ಲು ತಾನ ಎತ್ತಿ ಹಿಂದಕ್ಕಿಡತಾನ.'

ಅವನ ಕಣ್ಣಾಗಿಂದು ನನಗ ಗುರುತಿತ್ತು.
ಮೊದಲ ಸಲ ಗುಂಡು ಹಾರಿಸಿ ಎದ್ದ ಪೋರಗೋಳ ಕಣ್ಣಾಗ
ಇದ ಮಿಂಚ್ತದ.
ಇಳಿಸಾಕ ಉಸ್ತಾದಗ ವರ್ಷ ಹಿಡೀತದ.
ಕರೆಪ್ಪ ನಮ್ಮ ಕಾಕಾನ ಮಗ.
ಭರತಿಗೆ ಕೊಲ್ಲಾಪುರಕ್ಕ ಹೊಂಟಾಗ
ತನ್ನ ಬೂಟ ಬಿಚ್ಚಿ ಕೊಟ್ಟಾಂವ;
ಒಂದು ನಂಬರ ದೊಡ್ಡದಿತ್ತು, ಅರಬಿ ತುರುಕಿಕೊಂಡು ಓಡಿದೆ.

ಸುರೇಖಾ ಪಡಸಾಲ್ಯಾಗ ಮಾತಾಡಲಿಲ್ಲ.
ದೀಪ ಆರಿಸಿದ ಮ್ಯಾಲ ಅಂದ್ಲು:
'ರಜಾಕ್ಕ ಬಂದ ಮೊದಲ ಎಂಟು ದಿನ
ನಿದ್ದ್ಯಾಗ ನಿನ್ನ ಬಲಗೈ ಹಾಸಿಗಿ ಬಾಜೂಕ ತಡಕಾಡ್ತದ.
ನಾ ನನ್ನ ಮುಂಗೈ ಕೊಡ್ತೀನಿ.
ಬಿಗಿ ಹಿಡೀತಿ. ಎರಡು ಸಲ ಬಳಿ ಒಡದಾವ.
ಒಂಬತ್ತನೇ ದಿನ ಕೈ ಸುಮ್ಮನ ಮಲಗ್ತದ.'

ಹೊರಗ ನಾಯಿ ಬೊಗಳಿ ಬಿಟ್ಟಿತು.

'ಅದು ಮನ್ಯಾಗ ಇತ್ತಂದ್ರ
ಒಂಬತ್ತನೇ ದಿನ ಬರ್ತದೇನು?
ಬ್ಯಾಡ ಅನ್ನಾಕತ್ತಿಲ್ಲ ನಾ.
ತಿಂಗಳಿಗೆ ಹತ್ತು ಸಾವಿರ ಅಂದ್ರ ಹತ್ತು ಸಾವಿರ.'

ಮುಂಜಾನೆ ನೋಡ್ತೀನಿ, ಖಾಲಿ ಜಾಗದಾಗ
ಪ್ರಾಜಕ್ತಾ ಪೆನ್ಸಿಲ್ಲಿಂದ ಸಣ್ಣಗ ಬರದಾಳ: ನೋಕರಿ.
ಬಾಜೂಕ ಅಳಿಸಿದ ಇನ್ನೊಂದ ಅಕ್ಷರ,
ಎಷ್ಟ ಬೆಳಕಿಗೆ ಹಿಡಿದ್ರೂ ಓದಾಕ ಬರಲಿಲ್ಲ.

ಕೈ ತಾನಾಗೇ ಸಹಿ ಮಾಡೂ ಕಡೆ ಹೋತು,
ರೂಢಿ.
ತಗೊಂಡದ್ದಕ್ಕ ಒಂದು ಸಹಿ ಇಲ್ಲಿ ಅದ.
ತಿರುಗಿ ಕೊಟ್ಟದ್ದಕ್ಕ ಎಲ್ಲಿ ಅಂತ
ಹಾಳಿ ಹೊಳ್ಳಿಸಿ ಹೊಳ್ಳಿಸಿ ಹುಡುಕೀನಿ.