ಕಾಜ, ಗುಂಡಿ

ಬೆಟ್ಟ ಅಗೆಯಲಿಲ್ಲ ನಾನು,
ಮುನ್ನೂರು ರೂಪಾಯಿ ಕೊಟ್ಟೆ.
ದುರ್ಗಿಗುಡಿಯ ಅಡ್ಡರಸ್ತೆ, ಬಣ್ಣದ ಮೀನಿನ ಅಂಗಡಿ,
ಕೆಳಗಿನ ಹಲಗೆಯ ಗಾಜಿನ ಪೆಟ್ಟಿಗೆಯಲ್ಲಿ
ಒಂದರ ಮೇಲೊಂದು ಬಿದ್ದು ಮಲಗಿದ್ದವು,
ಒಗೆಯಲು ಹಾಕಿದ ಕಾಲುಚೀಲಗಳ ಹಾಗೆ.

"ಫಾರ್ಮಸಿ ಕಾಲೇಜಿಗಾ ಅಮ್ಮ?"
"ಸಾಕೋಕೆ."
ಹುಡುಗ ನನ್ನ ನರೆಗೂದಲು ನೋಡಿದ,
ಕತ್ತಿನಲ್ಲಿ ನೇತಾಡುವ ಟೇಪು ನೋಡಿದ.
"ಒಂದೇ ಕೊಡಲ್ಲ. ಒಂಟಿ ಇಲಿ ಮಂಕಾಗಿಬಿಡತ್ತೆ.
ಎರಡು ತಗೊಳ್ಳಿ, ಎರಡೂ ಹೆಣ್ಣು,
ಇಲ್ಲಾಂದ್ರೆ ದೀಪಾವಳಿಗೆ ಇಪ್ಪತ್ತಾಗ್ತವೆ."
ಒಂಟಿ ಎಂಬ ಮಾತಿಗೆ ನಾನೇನೂ ಹೇಳಲಿಲ್ಲ,
ಚೌಕಾಸಿಯನ್ನೂ ಮಾಡಲಿಲ್ಲ.

ಬಟ್ಟೆಯನ್ನಾದರೆ ಬೆಳಕಿಗೆ ಹಿಡಿಯುತ್ತೇನೆ.
ಇವನ್ನು ಕಿವಿಗೆ ಹಿಡಿದೆ:
ಎದೆಯೊಳಗೆ ಗೊರಗೊರ ಇರಬಾರದು.
ಎಲ್ಲಕ್ಕಿಂತ ಮುದ್ದಾದದ್ದು ಮೂಲೆಗೆ ಓಡಿತು, ಬಿಟ್ಟೆ.
ಬೂದು ಕುಲಾವಿ ತೊಟ್ಟಂಥದ್ದು ಹತ್ತಿರ ಬಂದು
ಬೆರಳಲ್ಲಿ ಸೂಜಿ ಚುಚ್ಚಿದ ಜಾಗ ಹುಡುಕಿ
ನೆಕ್ಕಿತು.
ಅದರ ಬೆನ್ನಿಗೇ, ಪೂರಾ ಬಿಳಿ, ಇನ್ನೊಂದು.
ಮನೆ ಮುಟ್ಟುವ ಮೊದಲೇ ಹೆಸರಾಗಿತ್ತು:
ಬೂದಿಗೆ ಗುಂಡಿ, ಬಿಳಿಗೆ ಕಾಜ.

ಅಕ್ಕಿ ಅಂಗಡಿಯ ಚನ್ನವೀರಪ್ಪ ಕೇಳಿದ:
"ರುಕ್ಮಾಬಾಯಿ, ಊರೆಲ್ಲ ಬೋನಿಡೋವಾಗ
ನೀವು ತೊಟ್ಟಿಲು ಕಟ್ಟೋದಾ?"
ಗಣಪನ ವಾಹನ ಅಂತ ಹೇಳಿ ಜಾರಿಕೊಳ್ಳಬಹುದಿತ್ತು.
ಮದುವೆ ಹುಡುಗಿಯ ಬ್ಲೌಸಿನ ತೋಳು ಕಡಿದವಕ್ಕೆ
ಅಟ್ಟದ ಮೇಲೆ ಪಾಷಾಣದ ಉಂಡೆ ಇಟ್ಟವಳು ನಾನೇ,
ಅದೇ ತಿಂಗಳು,
ಇದೇ ಕೈ.

ಸಾ ಮಿಲ್ಲಿನ ಹೊಟ್ಟು ಹಾಸಿದ ವಾರ ಎರಡೂ ಸೀನಿದವು.
ಅದನ್ನೆಲ್ಲ ಬಳಿದು ಚೆಲ್ಲಿ
ಚೂರುಬಟ್ಟೆ ಹಾಕಿದೆ: ವಾಯಿಲ್, ರುಬಿಯಾ, ಲೈನಿಂಗ್,
ದಾರ ಬಿಚ್ಚಿ ಕಾಲಿಗೆ ಸುತ್ತದಂತೆ
ಚಿಂದಿಗೂ ಅಂಚು ಓವರ್‌ಲಾಕ್ ಮಾಡಿ.
ಕಾಜ ಹಳದಿ ತುಂಡುಗಳನ್ನೇ ಕಚ್ಚಿ ಎಳೆದು
ತನ್ನ ಮೂಲೆ ತುಂಬಿಸುತ್ತಾಳೆ. ಯಾಕೆಂದು ಗೊತ್ತಿಲ್ಲ.

ಒಂದು ಬೆಳಗ್ಗೆ ಗುಂಡಿಯ ಕಣ್ಣಂಚಿನಲ್ಲಿ ಕೆಂಪು.
ಟಿಫಿನ್ ಡಬ್ಬಿಗೆ ತೂತು ಕೊರೆದು
ಪಶು ಆಸ್ಪತ್ರೆಗೆ ಒಯ್ದೆ; ಮುಂದೆ ಒಂದು ಎಮ್ಮೆ, ಹಿಂದೆ ಎರಡು ನಾಯಿ.
"ರಕ್ತ ಅಲ್ಲಮ್ಮ, ಇವುಗಳ ಕಣ್ಣೀರಿನ ಬಣ್ಣವೇ ಅದು.
ನಿದ್ದೆಗೆಟ್ಟರೆ ಹೀಗೆ ಬರುತ್ತೆ."
ಆವತ್ತಿನಿಂದ ರಾತ್ರಿ ಹತ್ತರ ಮೇಲೆ
ನಾನು ಮಿಷನ್ ತುಳಿದಿಲ್ಲ.

ಖುಷಿಯಾದರೆ ಹಲ್ಲು ಮಸೆಯುತ್ತವೆ,
ಬಾಬಿನ್ನಿಗೆ ದಾರ ತುಂಬುವಾಗಿನ ಸದ್ದು.
ಗೋಡೆಯಾಚೆ ಚನ್ನವೀರಪ್ಪನ ಬೋನು ಟಪ್ಪೆಂದರೆ
ಸದ್ದು ನಿಲ್ಲುತ್ತದೆ.
ನಾಲ್ಕು ಕಿವಿ ಗೋಡೆಯ ಕಡೆಗೆ.
ನನ್ನವೂ ಎರಡು.

ಬಿಡುವಿದ್ದ ಒಂದು ಮಧ್ಯಾಹ್ನ ಅಳತೆ ತೆಗೆದಿದ್ದೆ, ಸುಮ್ಮನೆ:
ಗುಂಡಿ, ಮೈ ಎಂಟು, ಬಾಲ ಏಳೂಕಾಲು.
ಅಳತೆ ಪುಸ್ತಕದಲ್ಲಿ ಲೀಲಾವತಿ ಟೀಚರ ಸೊಂಟದ ಕೆಳಗಿನ ಸಾಲು.
ಎರಡು ವರ್ಷ ನಾಲ್ಕು ತಿಂಗಳಿಗೆ
ಅವಳ ಕಂಕುಳಲ್ಲಿ ಗಂಟು,
ಕಡಲೆಯಷ್ಟಿದ್ದದ್ದು ನಿಂಬೆಯಷ್ಟಾಗಿ
ಕೊನೆಗೆ ಒಂದು ಮುಂಜಾನೆ
ಕಾಜ ಅವಳ ಮೇಲೆ ಹಳದಿ ಚಿಂದಿಗಳನ್ನೆಲ್ಲ ಪೇರಿಸಿ ಕೂತಿದ್ದಳು.

ಪುಸ್ತಕ ತೆಗೆದೆ. ಆ ಸಾಲು ಸಿಕ್ಕಿತು.
ಅರ್ಧ ಇಂಚು ಬಿಟ್ಟು ಹೊಲಿದೆ.
ತುಂಗೆಯ ದಡದಲ್ಲಿ ಮಣ್ಣು ಮೆತ್ತಗಿತ್ತು.

ಆಮೇಲೆ ಕಾಜ ಉಣ್ಣಲಿಲ್ಲ.
ಇದಕ್ಕೆ ಜೊತೆ ತಂದರೆ, ಇದು ಹೋದ ಮೇಲೆ
ಆ ಜೊತೆಗೊಂದು ಜೊತೆ, ಅದಕ್ಕೆ ಮತ್ತೊಂದು...
ನನಗೋ ಅರವತ್ತೊಂದು.
ಮೂರು ರಾತ್ರಿ ಈ ಲೆಕ್ಕ ಹಾಕಿ
ನಾಲ್ಕನೆಯ ದಿನ ಹೋಗಿ ಕಿವಿಗೆ ಹಿಡಿದು ತಂದೆ.
ಹೆಸರು ಹುಕ್ಕು.
ಕಾಜ ಅದನ್ನು ನೋಡಿದ್ದೇ ಕೆಡವಿ ಮೇಲೆ ನಿಂತಳು, ಒಂದೇ ಕಿರುಚಾಟ.

ಈಗ ನಡುವೆ ಜಾಲರಿ ಇಟ್ಟಿದ್ದೇನೆ.
ಸಂಜೆಗೊಮ್ಮೆ ಇವಳ ಚಿಂದಿ ಅವಳಿಗೆ,
ಅವಳ ಚಿಂದಿ ಇವಳಿಗೆ,
ಒಬ್ಬರ ವಾಸನೆ ಒಬ್ಬರಿಗೆ ರೂಢಿಯಾಗುವವರೆಗೆ.
ಎಷ್ಟು ದಿನವೋ.
ಟೀಚರ ಮಗಳ ಲಂಗ ಶುಕ್ರವಾರಕ್ಕೆ ಕೊಡಬೇಕು,
ಇನ್ನೂ ಕತ್ತರಿಸಿಯೇ ಇಲ್ಲ.