ಬಲಬದಿ

ಮೊದಲು ಮಾಯವಾದದ್ದು ಬಟ್ಟೆ ಕ್ಲಿಪ್ಪುಗಳು.
ತಾರಸಿಯ ಹಗ್ಗದಿಂದ ನನ್ನ ಮಂಚದ ಹಾಸು
ಶ್ಲೊಕ್ ಗಾಳಿಯ ಜೊತೆ ಎದ್ದುಹೋಗಿ
ಪಕ್ಕದ ಕಾರ್ಮೆನಾಳ ಆಂಟೆನಾಕ್ಕೆ ಸುತ್ತಿಕೊಂಡ ದಿನ
ಕೆಳಗಿಳಿದು ನೋಡಿದರೆ,
ನಲವತ್ತೆರಡು ಕ್ಲಿಪ್ಪು
ಒಂದು ದೋಣಿಯ ಅಂಚನ್ನು ಕಚ್ಚಿಕೊಂಡಿದ್ದವು,
ತಾಯಿಹಂದಿಗೆ ಮರಿಗಳು ಜೋತ ಹಾಗೆ.

"ಅಂಟು ಒಣಗಲಿ, ಕೊಡ್ತೇನೆ" ಅಂದ ನಾರ್ಡು,
ತಲೆಯೆತ್ತದೆ.

ಮಾಲ್ಟಾದ ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಬಡಗಿ.
ಮನೆಯ ಕುರ್ಚಿಯ ಕಾಲೊಂದನ್ನು ಸರಿಮಾಡಿಕೊಡದವನು
ಈಗ ನೌಕಾಪಡೆಯ ಹಳೇ ಲಾಂಚನ್ನು
ಹನ್ನೆರಡರಲ್ಲೊಂದು ಪಾಲಿಗೆ ಇಳಿಸಿ
ಊಟದ ಮೇಜಿನ ಮೇಲೆ ಕಟ್ಟುತ್ತಾನೆ.
ನಾವು ಉಣ್ಣುವುದು ತೊಡೆಯ ಮೇಲೆ.

ನಕ್ಷೆ ಇಲ್ಲ. ಇರುವುದು ಒಂದು ಫೋಟೋ.
ಬಂದರಿನ ಬಿಸಿಲಲ್ಲಿ ಲಾಂಚಿನ ಎಡಬದಿ,
ಕಿರುಬೆರಳಿನಷ್ಟು ಉದ್ದ.
ಬಾಗಿಲಲ್ಲಿ ನಿಂತ ನಾವಿಕ
ಐದಡಿ ಎಂಟಿಂಚು ಇದ್ದಾನೆಂದು ನಂಬಿ
ಉಳಿದದ್ದೆಲ್ಲ ಲೆಕ್ಕ.

ಬರ್ಚ್ ಪ್ಲೈಯಲ್ಲಿ ಹದಿನೇಳು ಪಕ್ಕೆಲುಬು.
ನನ್ನ ಪಾಸ್ತಾ ಪಾತ್ರೆಯಲ್ಲಿ ಕುದಿಯುವ ಮರದ ಪಟ್ಟಿ.
"ಉಪ್ಪು ಹಾಕಲೇ?" ಕೇಳಿದೆ. ನಗಲಿಲ್ಲ.
ಬಿಸಿ ಆರುವ ಮೊದಲೇ ಮೂತಿಯತ್ತ ಬಾಗಿಸಬೇಕಂತೆ,
ತಡವಾದರೆ ಚಟ್ಟೆಂದು ಮುರಿಯುತ್ತದಂತೆ.
ಮದುವೆಯ ಹೊಸದರಲ್ಲಿ
ನನ್ನ ಬಗ್ಗೆ ಅತ್ತೆ ಅಂದದ್ದೂ ಇದೇ.

ಹಿತ್ತಾಳೆಯ ಪ್ರೊಪೆಲ್ಲರು ಬಂತು, ಮೋಟರು ಬಂತು,
ಬೆಂಕಿಪೊಟ್ಟಣದಷ್ಟು ರಿಸೀವರು.
ಬೂದು ಬಣ್ಣ ಏಳು ಸಲ,
ಪ್ರತಿ ಸಲವೂ ಉಜ್ಜಿ ಅರ್ಧ ತೆಗೆದು.
ನನ್ನ ಸಾರಿಗೂ ವಾರ್ನಿಷಿನ ವಾಸನೆ.

ಬಲಬದಿ ಹೇಗಿತ್ತೆಂದು
ಸ್ಪಿರುವನ್ನು ಕೇಳಿದ, ಮೂಗುದಪ್ಪನ ವೆಂಜುವನ್ನು ಕೇಳಿದ,
ಕಟ್ಟೆಯಲ್ಲಿ ಬದುಕಿ ಉಳಿದವರನ್ನೆಲ್ಲ.
"ಎಡದ್ದನ್ನೇ ತಿರುವಿದರಾಯ್ತು ಬಿಡು,
ಕನ್ನಡಿಯ ಹಾಗೆ."
ನಾನು ಬಟಾಣಿ ಸುಲಿಯುತ್ತಿದ್ದೆ.
ಸುಲಿಯುತ್ತಲೇ ಇದ್ದೆ.

ನನ್ನನ್ನು ಯಾರು ಕೇಳಬೇಕು?
ಹದಿನೆಂಟರ ನಾನು, ನಾರ್ಡುವಿನ ಮುಖವನ್ನೇ ಕಂಡಿರದ ನಾನು,
ಅಮ್ಮ ಒಗೆದು ಇಸ್ತ್ರಿಯಿಟ್ಟ ಅಧಿಕಾರಿಗಳ ಅಂಗಿಗಳನ್ನು
ಬೆತ್ತದ ಬುಟ್ಟಿಯಲ್ಲಿ ಸೊಂಟಕ್ಕೇರಿಸಿ
ವಾರಕ್ಕೆರಡು ಸಲ ಆ ಲಾಂಚು ಹತ್ತುತ್ತಿದ್ದೆ.
ಹತ್ತುತ್ತಿದ್ದದ್ದು ಬಲಬದಿಯಿಂದ.

ಮೂರು ದಿನ ತಡೆದೆ. ನಾಲ್ಕನೆಯ ದಿನ
"ಮೂರನೇ ಕಿಟಕಿಗೆ ಗಾಜಿಲ್ಲ, ನಾರ್ಡು. ಹಲಗೆ.
ನಾಲ್ಕು ಮೂಲೆಗೂ ತಿರುಪು,
ಒಂದರ ತಲೆ ಸವೆದಿತ್ತು."

ಗರಗಸ ನಿಂತಿತು.
ಫ್ರಿಜ್ಜು ಗೊಣಗುವುದು ಕೇಳಿಸಿತು.
ಕನ್ನಡಕದ ಮೇಲಿಂದ ನನ್ನನ್ನು ಅಳೆದ,
ಐದಡಿ ಎರಡಿಂಚು, ಸ್ವಲ್ಪ ಕುಗ್ಗಿರಬಹುದು.
ಏನೂ ಕೇಳಲಿಲ್ಲ.
ಸಂಜೆಗೆ ಗಾಜಿನ ಹಾಳೆ ಕಿತ್ತಿತ್ತು,
ಅಲ್ಲಿ ಉಗುರಗಲದ ಹಲಗೆ ಕೂತಿತ್ತು.

ಭಾನುವಾರ ಕಲ್ಕಾರಾದ ನೀರಿಗಿಟ್ಟಾಗ
ಲಾಂಚು ಎಡಕ್ಕೆ ವಾಲಿತು, ಬ್ಯಾಟರಿಯ ಭಾರಕ್ಕೆ.
ದಡದಲ್ಲಿ ಸ್ಪಿರುವಿನದು ಪುಕ್ಕಟೆ ಸಲಹೆ.
ನಾರ್ಡು ಜೇಬಿನಿಂದ ಗಾಳದ ಸೀಸದ ಗುಂಡು ತೆಗೆದು
ಬಲಗಡೆ ನೆಲದಡಿ ತುರುಕಿದ, ಒಂದು, ಇನ್ನೊಂದು,
ಅದು ನೆಟ್ಟಗೆ ಕೂರುವ ತನಕ.

ಆಮೇಲೆ ರಿಮೋಟನ್ನು ನನ್ನ ಕೈಗೆ ಕೊಟ್ಟ.
ಹೆಬ್ಬೆರಳಲ್ಲಿ ಒಂದಿಷ್ಟು ಒತ್ತಿದೆ.
ನೀರು ಸೀಳಿ, ಮೂತಿಯೆತ್ತಿ ಹೋಯಿತು,
ಇಷ್ಟು ದಿನ ಮೇಜಿನ ಮೇಲೆ ಸತ್ತಂತೆ ಬಿದ್ದಿದ್ದದ್ದು.
ತಿರುಗಿಸಿದೆ. ಬಲಬದಿ ನಮ್ಮತ್ತ.
ಕಿಟಕಿಗಳು ಸಾಲಾಗಿ ಬಿಸಿಲಿಗೆ ಮಿಂಚಿದವು,
ಒಂದು ಬಿಟ್ಟು.

ಮನೆಗೆ ತಂದದ್ದು ನನ್ನ ಬಟ್ಟೆಬುಟ್ಟಿಯಲ್ಲೇ, ಟವೆಲು ಸುತ್ತಿ.
ಸೆಂಗ್ಲಿಯಾದ ಮೆಟ್ಟಿಲಿನ ಅರ್ಧದಲ್ಲಿ ಉಸಿರಿಗೆ ನಿಂತ.
"ಹೇಗೆ ಒಡೆದಿತ್ತು ಅದು?"
"ಬುಟ್ಟಿಯ ಮೂಲೆ ತಗುಲಿ. ನನ್ನದೇ."
"ಬೈದರೇ?"
"ಒಬ್ಬ ನಕ್ಕ."

ನಾರ್ಡು ಬುಟ್ಟಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿ
ಮತ್ತೆ ಹತ್ತತೊಡಗಿದ.

ಕ್ಲಿಪ್ಪು ಇನ್ನೂ ಕೊಟ್ಟಿಲ್ಲ.