ಹದಿನಾರಡಿ ನಾಲ್ಕಿಂಚು

ಫೋನಿನಲ್ಲಿ ಆ ಕಡೆಯವರು ಮೊದಲು ಕೇಳಿದ್ದು,
"ಗಾಡಿ ಉದ್ದ ಎಷ್ಟಮ್ಮ?"
ಹನ್ನೊಂದು ವರ್ಷ ಅದರೊಳಗೇ ನಿಂತು ಇಡ್ಲಿ ಬೇಯಿಸಿದ್ದೇನೆ,
ಉದ್ದ ಗೊತ್ತಿಲ್ಲ.
ಎಷ್ಟು ತಟ್ಟೆ ಹಿಡಿಯುತ್ತೆ ಅಂದಿದ್ದರೆ
ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ.

ಬೋರಲಿಂಗು ಟೇಪು ಹಿಡಿದು ಕೆಳಗಿಳಿದರು.
ರಾತ್ರಿ ಹತ್ತು, ಮಂಡ್ಯದ ನೂರಡಿ ರಸ್ತೆ,
ಕಬ್ಬಿನ ಲಾರಿಯೊಂದು ಹಾರನ್ ಹೊಡೆದು ಪಕ್ಕಕ್ಕೆ ಸರಿದುಹೋಯಿತು.
ಆ ತುದಿಗೆ ಹಂಸಿನಿ, ಈ ತುದಿಗೆ ಅವರು.
ಬಂಪರೂ ಸೇರಿ ಹದಿನಾರಡಿ ನಾಲ್ಕಿಂಚು.
"ನಮ್ಮನೆಗಿಂತ ಎರಡಡಿ ಉದ್ದ ಕಣೇ"
ಅಂದರು, ಸೈಟು ಕೊಂಡವರ ಹಾಗೆ.

ಕಡಲ ದಂಡೆ, ಗಾಳಿಮರದ ತೋಪು, ಸರ್ಕಾರದ ಉದ್ಯಾನ.
ಎರಡು ರಾತ್ರಿಗೆ ರಸೀದಿ. ಬೆಂಕಿ ಹಾಕಬಾರದು,
ಗ್ಯಾಸ್ ಒಲೆ ಪರವಾಗಿಲ್ಲ. ನಲ್ಲಿ ಇದೆ,
ನೀರು ಸ್ವಲ್ಪ ಉಪ್ಪು. ನಮ್ಮದು ಏಳನೇ ನಂಬರಿನ ಜಾಗ.
ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯ ಬೆನ್ನಿಗೆ
ಇಷ್ಟನ್ನೂ ಬರೆದುಕೊಂಡೆ.
ಮುಂಬದಿಯಲ್ಲಿ ಯಾರದೋ ಹದಿನೆಂಟು ಟನ್ ಕಬ್ಬು.

ಬೇವಿನ ಮರಕ್ಕೆ ಬೋರ್ಡು ಕಟ್ಟಿದೆವು:
ಸೋಮವಾರದಿಂದ ನಾಲ್ಕು ದಿನ ಗಾಡಿ ಇರುವುದಿಲ್ಲ.
ಓದಿದವರೆಲ್ಲ ದನಿ ತಗ್ಗಿಸಿ,
"ಯಾರು ಹೋದ್ರಮ್ಮ?"

ಇಡ್ಲಿ ಪಾತ್ರೆಯ ಕಟ್ಟೆಗೆ ನಾಲ್ಕು ಬೋಲ್ಟು.
ಮೂರು ಬಂದವು. ನಾಲ್ಕನೆಯದು
ಎಣ್ಣೆ ಕುಡಿಯಿತು, ಬೈಗುಳ ಕುಡಿಯಿತು,
ಕೊನೆಗೆ ಗ್ಯಾರೇಜಿನ ಅಫ್ಸರ್ ಬಂದು ಸುತ್ತಿಗೆಯಲ್ಲಿ ಒಂದೇ ಏಟು.
"ಅಕ್ಕಾ, ಸಂಪಾಜೆ ಘಾಟಿ ಇಳೀವಾಗ ಎರಡನೇ ಗೇರು.
ಬ್ರೇಕ್ ಮೇಲೆ ಕಾಲಿಟ್ಟು ಮಲಗಬೇಡಿ ಅಂತ ಅಣ್ಣಂಗೆ ಹೇಳಿ."
ಲೈನರ್ ಹೊಸದು ಹಾಕಿದ. ಅರ್ಧ ದುಡ್ಡು ತಗೊಂಡ,
ಇನ್ನರ್ಧಕ್ಕೆ ಒಣ ಸಿಗಡಿ ಬೇಕಂತೆ.

ಕಟ್ಟೆ ಎದ್ದ ಜಾಗಕ್ಕೆ ಹಲಗೆ, ಹಲಗೆ ಮೇಲೆ ಹಾಸಿಗೆ.
ಮಲಗಿ ನೋಡಿದೆ.
ಮೂಗಿಗೆ ಹನ್ನೊಂದು ವರ್ಷದ ಸಾಂಬಾರು,
ಯಾವ ಫಿನಾಯಿಲಿಗೂ ಬಗ್ಗದ ಇಂಗು.

ಅತ್ತೆ ಚಿಕ್ಕತಾಯಮ್ಮ ಬೆಳಗಿಂದ ಒಂದೇ ರಾಗ:
"ಕುಡಿಯಾಕಾಗಕ್ಕಿಲ್ಲ, ಗದ್ದೆಗೆ ಬುಡಾಕಾಗಕ್ಕಿಲ್ಲ,
ಆ ನೀರ ನೋಡಾಕೆ ಅಷ್ಟು ಡೀಸೆಲ್ ಸುಡ್ಬೇಕ?"
ಸಂಜೆಗೆ, ಸೀರೆ ಮೂರು ಸಾಕಾ ನಾಕು ಬೇಕಾ
ಅಂತ ಹಂಸಿನಿಯ ಕಿವಿಯಲ್ಲಿ ಕೇಳಿದರಂತೆ.

ನನ್ನದೂ ಒಂದು ಷರತ್ತಿದೆ.
ಆ ನಾಲ್ಕು ದಿನ ಇಡ್ಲಿ ಎಂಬ ಮಾತು ಬರಕೂಡದು.
ಬೆಳಗಿನ ಮೂರೂವರೆಗೆ ನಾನು ಎದ್ದರೆ
ಯಾರಾದರೂ ಗದರಿ ಮಲಗಿಸಬೇಕು.
ಏಳುತ್ತೇನೆ, ಗೊತ್ತು.
ಕೈ ತಾನಾಗಿ ಹಿಟ್ಟಿನ ಕೊಳಗ ಹುಡುಕುತ್ತದೆ.

ಪಟ್ಟಣ, ಮೈಸೂರು, ಹುಣಸೂರು, ಪಿರಿಯಾಪಟ್ಟಣ.
ಹಂಸಿನಿ ಶಾಲೆಯ ಅಟ್ಲಾಸಿನ ಮೇಲೆ ಬೆರಳು ನಡೆಸುತ್ತ
ಮಡಿಕೇರಿಯಲ್ಲಿ ನಿಂತಳು.
"ಅಮ್ಮ, ಕಾವೇರಿ ಹುಟ್ಟೋದು ಇಲ್ಲೇ.
ಸಮುದ್ರ ಇಷ್ಟು ಹತ್ತಿರ ಇಟ್ಕೊಂಡು
ಬೆನ್ನು ತಿರುಗಿಸಿ ಅಷ್ಟು ದೂರ ಯಾಕೆ ಹೋದ್ಲು?"

ನಮಗೆ ನೀರು ಕೊಡೋಕೆ, ಅಂದರು ಬೋರಲಿಂಗು.
ಅತ್ತೆ ಬತ್ತಿ ಹೊಸೆಯುತ್ತಲೇ,
"ತವರ ಪಕ್ಕದಾಗೇ ಗಂಡನ ಮನೆ ಆದ್ರೆ
ಮರ್ವಾದೆ ಇರಾಕಿಲ್ಲ ಕಣ್ಮಗ."

ನಾನು ಏನೂ ಹೇಳಲಿಲ್ಲ.
ನೀಲಿ ಡ್ರಮ್ಮಿಗೆ ಪೈಪು ಬಿಟ್ಟೆ.
ಇನ್ನೂರು ಲೀಟರು, ನಮ್ಮ ನಲ್ಲಿಯದೇ,
ಕುಡಿಯಲು, ಪಾತ್ರೆ ತೊಳೆಯಲು,
ಆಮೇಲೆ ಸಂಜೆ ಅಲೆಯಿಂದ ಎದ್ದು ಬಂದವರ
ಕಾಲಿನ ಮರಳಿಗೆ ಒಂದೊಂದು ಚೊಂಬು.

ಆ ಚೊಂಬಿನ ನೀರು ಇಳಿಜಾರಿನಲ್ಲಿ ಯಾವ ಕಡೆ ಹೋಗುತ್ತೆ
ಅಂತ ಅಟ್ಲಾಸಿನಲ್ಲಿ ಬರೆದಿಲ್ಲ.
ಡ್ರಮ್ಮು ತುಂಬಿ ಚೆಲ್ಲಿತು. ನಲ್ಲಿ ನಿಲ್ಲಿಸಿ,
ಚೀಟಿಯಲ್ಲಿ ನೀರಿನ ಮುಂದೆ ಗೀಟು ಹಾಕಿ
ಕೆಳಗೆ ಬರೆದೆ:
ಚೊಂಬು, ಒಂದು ಹೆಚ್ಚಿಗೆ.